ಸಿಡಿಯನ್ನು ಸುಡುವುದೋ, ಬರೆಯುವುದೋ? ಡಿಸ್ಕ್ ಇಮೇಜಿಗೆ ಏನನ್ನೋಣ?

ಬಾಗಲಕೋಟೆಯಲ್ಲಿ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲೇ ಪಾಠ ಬರೆಯುವಾಗ ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ: ಬರ್ನ್ (ಖಾಲಿ ಸಿಡಿಗೆ ಕಡತ ತುಂಬುವುದು) ಮತ್ತು ಡಿಸ್ಕ್ ಇಮೇಜ್ (ಇಡೀ ಸಿಡಿಯನ್ನು ಒಂದೇ ಕಡತವಾಗಿ ಎತ್ತಿಟ್ಟದ್ದು).

'ಸಿಡಿ ಸುಡಿ' ಅಂತ ಬರೆಯಲು ಕೈ ಬರುತ್ತಿಲ್ಲ. ನಮ್ಮ ಕಡೆ ಮೋಟರ್ ಸುಟ್ಟಿತು, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟಿತು ಅಂದರೆ ಕೆಟ್ಟುಹೋಯಿತು ಅಂತಲೇ ಅರ್ಥ. ಸಿಡಿ ಸುಟ್ಟೆ ಅಂದರೆ ಯಾರಾದರೂ 'ಅಯ್ಯೋ, ಇನ್ನೊಂದು ಇಲ್ವಾ' ಅಂತ ಕೇಳುತ್ತಾರೆ. ಮದುವೆ ವಿಡಿಯೊ ಅಂಗಡಿಗೆ ಹೋದವರು 'ನಾಲ್ಕು ಸಿಡಿ ಹೊಡೆದು ಕೊಡ್ರಿ' ಅಂತಿದ್ದರು, ಜೆರಾಕ್ಸ್ ಹೊಡಿ, ಸೀಲ್ ಹೊಡಿ ಅನ್ನೋ ಹಾಗೆ. ಮಾತಿಗೆ ಚೆನ್ನಾಗಿದೆ, ಆದರೆ ಒಳಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ.

'ಕೊರೆ' ಅನ್ನೋಣ ಅನ್ನಿಸಿತ್ತು. ಬಾದಾಮಿ ಇಲ್ಲೇ ಪಕ್ಕದಲ್ಲಿದೆ, ಬಂಡೆಯ ಮೇಲೆ ಕೊರೆದ ಕಪ್ಪೆ ಅರಭಟ್ಟನ ಶಾಸನ ನೋಡಿ ಬಂದವರಿಗೆ ಆ ಪದ ಸಲೀಸು. ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಸಿಡಿಯಲ್ಲಿ ನಿಜವಾಗಿಯೂ ಸಣ್ಣ ಸಣ್ಣ ಗುಳಿಗಳಿರುತ್ತವೆ, ಅದಕ್ಕೆ ಒಪ್ಪುತ್ತದೆ. ನಾವು ಮನೆಯಲ್ಲಿ ಮಾಡುವ, ಒಮ್ಮೆ ಮಾತ್ರ ತುಂಬಬಹುದಾದ ಸಿಡಿ-ಆರ್‌ನಲ್ಲಿ ಮಾತ್ರ ಲೇಸರ್ ಏನನ್ನೂ ಕೊರೆಯುವುದಿಲ್ಲ. ಅಲ್ಲಿರುವ ಬಣ್ಣದ ಪದರವನ್ನು ಕಾಯಿಸುತ್ತದೆ, ಕಾದ ಜಾಗ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಓದುವ ಲೇಸರ್ ಆ ವ್ಯತ್ಯಾಸ ನೋಡಿಯೇ ಓದುತ್ತದೆ.

ಬಿಸಿಯಿಂದ ಬಿದ್ದ ಗುರುತು. ಅದಕ್ಕೆ ಕನ್ನಡದಲ್ಲಿ ಪದ ಇದೆಯಲ್ವಾ, 'ಬರೆ'! ಕಾದ ಕಬ್ಬಿಣದಿಂದ ದನಕ್ಕೆ ಹಾಕುವ ಬರೆ, ಗಾಯದ ಮೇಲೆ ಎಳೆದ ಬರೆ. ಸಿಡಿ-ಆರ್‌ನ ಗುರುತೂ ಒಮ್ಮೆ ಬಿದ್ದರೆ ಹೋಗುವುದಿಲ್ಲ. 'ಬರೆ' ಅಂದರೆ ಅಕ್ಷರ ಬರೆಯುವುದು ಅಂತಲೂ ಆಗುತ್ತದೆ, ಹಾಗಾಗಿ ಅಳಿಸಿ ಮತ್ತೆ ಬಳಸುವ ಸಿಡಿ-ಆರ್‌ಡಬ್ಲ್ಯುಗೂ ತೊಂದರೆಯಿಲ್ಲ. 'ಸಿಡಿಗೆ ಬರೆಯಿರಿ' ಅಂದರೆ ಸಾಕು, ಸುಡುವುದೂ ಬರೆಯುವುದೂ ಎರಡೂ ಬಂತು. ಈ ಎರಡು 'ಬರೆ'ಗಳು ಒಂದೇ ಬೇರಿನವೇ? ನಿಘಂಟು ನೋಡಿದವರು ತಿಳಿಸಿ.

ಇಮೇಜಿಗೆ 'ಚಿತ್ರ' ಅಂತ ಬರೆದಿದ್ದೆ, ಹುಡುಗನೊಬ್ಬ ಸಿಡಿಯ ಫೋಟೊ ಅಂದುಕೊಂಡ. ಇನ್ನೊಬ್ಬ ಕಂಪ್ಯೂಟರ್ ಶುರು ಮಾಡುವ ಸಿಡಿಯ ಇಮೇಜನ್ನು, ಅಂದರೆ ಐಎಸ್‌ಒ ಕಡತವನ್ನು ಸುಮ್ನೆ ಖಾಲಿ ಸಿಡಿಗೆ ಕಾಪಿ ಮಾಡಿದ. ಅದರಿಂದ ಕಂಪ್ಯೂಟರ್ ಶುರುವಾಗಲೇ ಇಲ್ಲ, ಯಾಕೆಂದರೆ ಸಿಡಿಯಲ್ಲಿ ಇದ್ದದ್ದು ಅದೊಂದೇ ಕಡತ. ಇಮೇಜ್ ಅಂದರೆ ಸಿಡಿಯಲ್ಲಿರುವ ಕಡತಗಳಷ್ಟೇ ಅಲ್ಲ, ಅವು ಯಾವ ಜಾಗದಲ್ಲಿವೆ, ಶುರುವಾಗಲು ಬೇಕಾದ ಭಾಗ ಎಲ್ಲಿದೆ ಅನ್ನುವುದರ ಸಮೇತ ಇಡೀ ಸಿಡಿಯನ್ನು ಸೆಕ್ಟರ್ ಸೆಕ್ಟರಾಗಿ (ಸಣ್ಣ ಸಣ್ಣ ಭಾಗಗಳಾಗಿ, ಇದ್ದ ಕ್ರಮದಲ್ಲೇ) ಎತ್ತಿಟ್ಟ ಒಂದು ಕಡತ. ಐಎಸ್‌ಒ ಅನ್ನೋ ಬಾಲ ಆ ಕಡತದ ಹೆಸರಿನ ಕೊನೆಗೆ ಬಂದದ್ದು ಸಿಡಿಯಲ್ಲಿ ಕಡತ ಜೋಡಿಸುವ ಕ್ರಮ ಹೇಳುವ 1988ರ ಐಎಸ್‌ಒ 9660 ಮಾನಕದಿಂದ.

ಇದಕ್ಕೆ ನನಗೆ ಹೊಳೆದದ್ದು 'ಪಡಿಯಚ್ಚು'. 'ಮಗ ಥೇಟ್ ಅಪ್ಪನ ಪಡಿಯಚ್ಚು' ಅಂತೀವಲ್ಲ, ಅದೇ. 'ನಕಲು' ಅಂದರೆ ಮತ್ತೆ ಕಾಪಿಯ ಗೊಂದಲ. ಪಾಠದಲ್ಲಿ ಹೀಗೆ ಬರೆಯಬೇಕೆಂದಿದ್ದೇನೆ: 'ಮೊದಲು ಸಿಡಿಯ ಪಡಿಯಚ್ಚು ತೆಗೆಯಿರಿ. ಅದು 700 ಎಂಬಿ ಒಳಗಿದೆಯಾ ನೋಡಿ. ಆಮೇಲೆ ಖಾಲಿ ಸಿಡಿಗೆ ಬರೆಯಿರಿ.'

ಓದಲು ತಡವರಿಸುತ್ತದೆಯೇ? ಬೆಳಗಾವಿ, ವಿಜಯಪುರ ಕಡೆ ಅಂಗಡಿಯವರು ಇದಕ್ಕೆ ಬೇರೆ ಏನಾದರೂ ಅನ್ನುತ್ತಿದ್ದರೆ ಅದನ್ನೂ ಹೇಳಿ.