ಪಾಪ್ರಿಕಾ ಎಂಬುದಕ್ಕೆ ‘ಖಾರಪುಡಿ’ ಎಂದು ಬರೆಯಬಹುದೇ?

ಮಾನ್ಯರೇ,

ಬೆಳಗಾವಿಯಲ್ಲಿ ನಾವು ಕೆಲವು ಗೃಹಿಣಿಯರು ಅಡುಗೆ ಮಾಡುವ ವಿಧಾನಗಳನ್ನು ಕನ್ನಡದಲ್ಲಿ ಬರೆದು ಪರಸ್ಪರ ಹಂಚಿಕೊಳ್ಳುತ್ತೇವೆ. ಹೊರದೇಶದಲ್ಲಿರುವ ಮಕ್ಕಳು ಮತ್ತು ಸೊಸೆಯಂದಿರು ಕಳಿಸಿದ ಅಲ್ಲಿಯ ಅಡುಗೆಗಳೂ ಈಚೆಗೆ ಅದರಲ್ಲಿ ಸೇರುತ್ತಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ‘ಪಾಪ್ರಿಕಾ’ (ಸಾಮಾನ್ಯವಾಗಿ ಉರಿ ಕಡಿಮೆಯಿರುವ ಕೆಂಪು ಮೆಣಸಿನಕಾಯಿಯ ಪುಡಿ) ಎಂಬ ಪದವನ್ನು ನಮ್ಮಲ್ಲಿ ಹೆಚ್ಚಿನವರು ‘ಖಾರಪುಡಿ’ ಎಂದು ಬರೆದುಬಿಡುತ್ತಾರೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಇದರ ಬದಲಿಗೆ ಯಾವ ಪದವನ್ನು ಬಳಸಬೇಕೆಂಬುದು ಇತ್ಯರ್ಥವಾಗಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹಂಗೇರಿಯಲ್ಲಿ ಆಲೂಗಡ್ಡೆಯ ಒಂದು ಪಲ್ಯವಿದೆ. ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, ಕೊಬ್ಬಿನಲ್ಲಾಗಲಿ ಎಣ್ಣೆಯಲ್ಲಾಗಲಿ ಸಣ್ಣ ಉರಿಯ ಮೇಲೆ ಮೆತ್ತಗಾಗುವವರೆಗೆ ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ ಮೇಲೆಯೇ ಪಾಪ್ರಿಕಾ ಹಾಕುತ್ತಾರೆ. ಅದರಲ್ಲಿ ಸಕ್ಕರೆಯ ಅಂಶವಿರುವುದರಿಂದ ಉರಿಯ ಮೇಲೆ ಬೇಗ ಸೀದು ಕಹಿಯಾಗುತ್ತದೆ. ಅದರ ಬಣ್ಣ ಜಿಡ್ಡಿನಲ್ಲಿ ಕರಗುವಂಥದ್ದಾದ್ದರಿಂದ ಎಣ್ಣೆ ಕೂಡಲೇ ಕೆಂಪೇರುತ್ತದೆ, ಆಗ ನೀರು ಮತ್ತು ಆಲೂಗಡ್ಡೆ ಹಾಕಿ ಮತ್ತೆ ಒಲೆಯ ಮೇಲಿಡುತ್ತಾರೆ. ನಾಲ್ಕು ಜನರ ಅಡುಗೆಗೆ ಎರಡು ದೊಡ್ಡ ಚಮಚ ಪಾಪ್ರಿಕಾ ಬೀಳುವುದುಂಟು. ಈ ವಿಧಾನದಲ್ಲಿ ‘ಎರಡು ದೊಡ್ಡ ಚಮಚ ಖಾರಪುಡಿ’ ಎಂದು ಬರೆದರೆ, ಅದನ್ನು ನಂಬಿ ಸಂಕೇಶ್ವರಿ ಮೆಣಸಿನಕಾಯಿಯ ಪುಡಿ ಹಾಕಿದವರ ಮನೆಯಲ್ಲಿ ಮಕ್ಕಳು ಆ ಪಲ್ಯವನ್ನು ಮುಟ್ಟಲಾರರು.

ತೊಡಕಿನ ಮೂಲ ನಮ್ಮ ‘ಖಾರ’ ಎಂಬ ಪದದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ನಮ್ಮ ಕಡೆ ಅದು ರುಚಿಯ ಹೆಸರೂ ಹೌದು, ಪದಾರ್ಥದ ಹೆಸರೂ ಹೌದು. ‘ಪಲ್ಯಾಕ ಖಾರ ಹಾಕೀಯೇನವಾ?’ ಎಂದು ಅತ್ತೆ ಕೇಳಿದರೆ ಅದು ಡಬ್ಬಿಯಲ್ಲಿರುವ ಪುಡಿ. ‘ಪಲ್ಯಾ ಭಾಳ ಖಾರ ಆಗೇತಿ’ ಎಂದು ಮಾವ ಹೇಳಿದರೆ ಅದು ನಾಲಗೆಗೆ ಹತ್ತುವ ಉರಿ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಡುವ ‘ಮಸಾಲಿ ಖಾರ’ದಲ್ಲಂತೂ ಒಣಕೊಬ್ಬರಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಎಳ್ಳು ಎಲ್ಲವೂ ಸೇರಿರುತ್ತವೆ, ಆದರೂ ಹೆಸರು ಮಾತ್ರ ಖಾರವೇ. ಇಂಥ ಪದವನ್ನು, ಉರಿ ತೀರ ಕಡಿಮೆಯಿದ್ದು ಬಣ್ಣ ಮತ್ತು ಕಂಪಿಗಾಗಿಯೇ ಬಳಸುವ ಪುಡಿಗೆ ಅಂಟಿಸಿದರೆ ಓದುವವರಿಗೆ ತಪ್ಪು ತಿಳಿವಳಿಕೆಯಾಗದೆ ಇರದು. ಹಂಗೇರಿಯಲ್ಲಿ ಖಾರದ ಪಾಪ್ರಿಕಾವೂ ಸಿಗುತ್ತದೆ. ಆದರೆ ವಿಧಾನದಲ್ಲಿ ಬೇರೆ ಏನನ್ನೂ ಹೇಳದಿದ್ದಾಗ ಸಾಮಾನ್ಯವಾಗಿ ಸಪ್ಪನೆಯದೇ ಎಂದು ತಿಳಿಯಬೇಕು.

ಪದದ ಹುಟ್ಟನ್ನು ನೋಡಿದರೆ ನನಗೆ ಬಹಳ ಸಂತೋಷವಾಗುತ್ತದೆ. ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ, ಗ್ರೀಕಿನಲ್ಲಿ ‘ಪೆಪೆರಿ’ಯಾಗಿ, ಲ್ಯಾಟಿನ್‌ನಲ್ಲಿ ‘ಪಿಪೆರ್’ ಆಗಿ ಕರಿಮೆಣಸಿಗೆ ಹೆಸರಾಯಿತು. ಅಲ್ಲಿಂದ ಸರ್ಬಿಯಾ ಮತ್ತು ಕ್ರೊಯೇಷಿಯಾದ ಮಾತಿನಲ್ಲಿ ‘ಪಾಪರ್’ ಆಗಿ, ಅದರಿಂದ ‘ಪಾಪ್ರಿಕಾ’ ಹುಟ್ಟಿ ಹಂಗೇರಿಯಿಂದ ಲೋಕಕ್ಕೆಲ್ಲ ಹರಡಿತು. ಅಮೆರಿಕಾ ಖಂಡದಿಂದ ಬಂದ ಹೊಸ ಕಾಯಿಗೆ ಅವರು ತಮಗೆ ಪರಿಚಿತವಾಗಿದ್ದ ಮೆಣಸಿನ ಹೆಸರನ್ನೇ ಕೊಟ್ಟರು; ಪೋರ್ತುಗೀಜರು ತಂದ ಅದೇ ಕಾಯಿಗೆ ನಾವೂ ಮೆಣಸಿನ ಹೆಸರಿನಿಂದಲೇ ‘ಮೆಣಸಿನಕಾಯಿ’ ಎಂದೆವು. ಕರಾವಳಿಯಲ್ಲಿ ಈಗ ಬರಿಯ ‘ಮೆಣಸು’ ಎಂದರೆ ಮೆಣಸಿನಕಾಯಿಯೇ ಆಗಿ, ಕರಿಮೆಣಸು ‘ಒಳ್ಳೆಮೆಣಸು’ ಎನಿಸಿಕೊಂಡಿದೆ.

ಇನ್ನೊಂದು ಎಚ್ಚರವೂ ಬೇಕು. ಹಂಗೇರಿಯನ್ ಮತ್ತು ಜರ್ಮನ್ ಭಾಷೆಗಳಲ್ಲಿ ಪಾಪ್ರಿಕಾ ಎಂದರೆ ಹಸಿ ತರಕಾರಿಯೂ ಆಗುತ್ತದೆ, ಅಂದರೆ ನಮ್ಮ ದೊಣ್ಣೆಮೆಣಸಿನಕಾಯಿ, ಬೆಳಗಾವಿಯ ಪ್ಯಾಟಿಯಲ್ಲಿ ಹೇಳುವಂತೆ ಢಬ್ಬು ಮೆಣಸಿನಕಾಯಿ. ‘ಒಂದು ಪಾಪ್ರಿಕಾ ಹೆಚ್ಚಿ ಹಾಕಿ’ ಎಂದಿದ್ದರೆ ಅದು ಪುಡಿಯಲ್ಲ. ಸ್ಪೇನಿನ ಲಾ ವೇರಾದಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಕಾಯಿಗಳನ್ನು ಒಣಗಿಸಿ ಮಾಡುವ ಪುಡಿಗಂತೂ ನಮ್ಮಲ್ಲಿ ಸರಿಸಾಟಿಯಿಲ್ಲ; ಅದನ್ನು ‘ಹೊಗೆಯಲ್ಲಿ ಒಣಗಿಸಿದ ಪಾಪ್ರಿಕಾ’ ಎಂದು ಬಿಡಿಸಿ ಬರೆಯುವುದೇ ಸರಿ.

ಪುಡಿಯ ವಿಷಯಕ್ಕೆ ಬಂದರೆ, ಗೆಳತಿಯೊಬ್ಬರು ‘ಸಿಹಿ ಖಾರ’ ಎಂಬುದನ್ನು ಸೂಚಿಸಿದರು. ಹಂಗೇರಿಯವರು ‘ಸಿಹಿ’ ಎಂದೇ ಹೇಳುತ್ತಾರಾದರೂ ಕನ್ನಡದಲ್ಲಿ ಅದು ಬೆಲ್ಲ ಬೆರೆಸಿದ ಪದಾರ್ಥದಂತೆ ಕೇಳಿಸುತ್ತದೆ. ಇನ್ನೊಬ್ಬರ ಸೂಚನೆ ‘ಬ್ಯಾಡಗಿ ಪುಡಿ’. ಗುಣದಲ್ಲಿ ಇದು ಬಹಳ ಹತ್ತಿರದ್ದು: ‘ಬಣ್ಣಕ್ಕ ಬ್ಯಾಡಗಿ’ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ, ಅದರಲ್ಲಿಯೂ ಗಿಡ್ಡಗೆ ದಪ್ಪಗಿರುವ ಡಬ್ಬಿ ಜಾತಿಯ ಕಾಯಿ ಉರಿಯಲ್ಲಿ ಕಡಿಮೆ, ಕೆಂಪಿನಲ್ಲಿ ಹೆಚ್ಚು. ಬದಲಿ ಪದಾರ್ಥವಾಗಿ ನಾನೂ ಅದನ್ನೇ ಹೇಳುತ್ತೇನೆ, ಆದರೆ ಒಳಗಿನ ಬಿಳಿ ನರಗಳನ್ನು ಬಿಡಿಸಿ ಪುಡಿ ಮಾಡಬೇಕು, ಏಕೆಂದರೆ ಉರಿ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಹಿಡಿದಿರುವ ಆ ನರದಲ್ಲಿ. ಆದರೂ ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತು, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆಯ ಹೆಸರನ್ನು ಹಂಗೇರಿಯ ಪುಡಿಗೆ ಕೊಡುವುದು ಎರಡಕ್ಕೂ ನ್ಯಾಯವಲ್ಲ.

‘ಬಣ್ಣದ ಖಾರ’ ಎಂಬುದು ನನಗೆ ಹೊಳೆದ ಪದ. ಅದಕ್ಕೂ ಒಂದು ಆಕ್ಷೇಪಣೆ ಬಂದಿದೆ: ಕೃತಕ ಬಣ್ಣ ಬೆರೆಸಿದ ಕಲಬೆರಕೆ ಪುಡಿ ಎಂದು ಜನ ತಿಳಿದಾರು ಎಂಬುದು. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದ್ದರಿಂದ ಸದ್ಯಕ್ಕೆ ‘ಪಾಪ್ರಿಕಾ’ ಎಂದೇ ಬರೆದು, ಪಕ್ಕದಲ್ಲಿ ‘ಖಾರವಿಲ್ಲದ ಕೆಂಪು ಮೆಣಸಿನಕಾಯಿ ಪುಡಿ, ಸಿಗದಿದ್ದರೆ ಬ್ಯಾಡಗಿ ಡಬ್ಬಿಯ ಪುಡಿ, ಅರ್ಧ ಪ್ರಮಾಣದಲ್ಲಿ’ ಎಂದು ಸೇರಿಸುತ್ತಿದ್ದೇವೆ.

ಉರಿ ಕಡಿಮೆಯಿದ್ದು ಬಣ್ಣ ಕೊಡುವ ಮೆಣಸಿನಪುಡಿಗೆ ಬಾಗಲಕೋಟೆ, ವಿಜಯಪುರದ ಕಡೆಯಾಗಲಿ ಬೇರೆ ಜಿಲ್ಲೆಗಳಲ್ಲಾಗಲಿ ಹಿರಿಯರ ಬಾಯಲ್ಲಿ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ, ಆ ಪದವನ್ನು ಯಾವ ಊರಿನಲ್ಲಿ, ಯಾವ ಅಡುಗೆಯ ಸಂದರ್ಭದಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ವಿನಂತಿ.