ಮೆಲೊಟ್ರಾನ್ ಎಂ400: ಕೀ ಮುಟ್ಟದಿದ್ದರೂ ಗುಂಯ್ ಸದ್ದು

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನ ನಮ್ಮ ಮನೆಗೆ ಹಳೇ ಮೆಲೊಟ್ರಾನ್ ಬಂದಿದೆ, ಕೀ ಒತ್ತಿದರೆ ಟೇಪಿನಲ್ಲಿ ರೆಕಾರ್ಡ್ ಆದ ವಾದ್ಯದ ದನಿ ಕೇಳಿಸುವ ಕೀಬೋರ್ಡ್. 35 ಕೀ, ಒಂದೊಂದಕ್ಕೂ ಸುಮಾರು 8 ಸೆಕೆಂಡಿನ ಟೇಪು. ಕೊಳಲಿನ ದನಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಹಿಂದೆ ಸದಾ ಗುಂಯ್ ಅನ್ನುತ್ತದೆ. ವಾಲ್ಯೂಮ್ ಏರಿಸಿದರೆ ಇನ್ನೂ ಜಾಸ್ತಿ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಆಂಪ್ಲಿಫೈಯರನ್ನೂ ಮೆಲೊಟ್ರಾನ್ ಹಾಕಿರುವ ಪವರ್ ಸ್ಟ್ರಿಪ್‌ಗೇ ಹಾಕಿ. ಸದ್ದು ಹೋದರೆ ಕಾರಣ ಗ್ರೌಂಡ್ ಲೂಪ್, ಅಂದರೆ ಎರಡೂ ಬೇರೆ ಬೇರೆ ಕಡೆ ಅರ್ಥ್ ಆಗಿ ನಡುವೆ ಕರೆಂಟು ಸುತ್ತುವುದು. ಅರ್ಥಿಂಗ್ ಮಾತ್ರ ಕೀಳಬೇಡಿ, ಜೀವಕ್ಕೇ ಅಪಾಯ.

ಉತ್ತರ 2: ಸದ್ದು 50 ಹರ್ಟ್ಸಾ, 100 ಹರ್ಟ್ಸಾ? ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿ. 100 ಆದರೆ ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ಕೆಪಾಸಿಟರ್ ಒಣಗಿರಬಹುದು. 50 ಆದರೆ ಟೇಪ್ ಓದುವ ಹೆಡ್‌ನ ವೈರಿಂಗ್, ಷೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ನೋಡಿ.

ಪ್ರಶ್ನೆ ಕೇಳಿದವರು: 50! ಪ್ಲಗ್ ಕಿತ್ತು ಹಲಗೆ ಬಿಚ್ಚಿದೆ. ಹೆಡ್‌ನಿಂದ ಬರುವ ವೈರಿನ ಷೀಲ್ಡ್ ಜಾಲರಿ ತುಂಡಾಗಿ, ಕೂದಲಿನಂಥ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಬೆಸುಗೆ ಹಾಕಿದೆ. ಈಗ ಟೇಪಿನ ಸರಸರ ಅಷ್ಟೇ. ತುಂಬಾ ಥ್ಯಾಂಕ್ಸ್.