ಅಪ್‌ಡೇಟ್: ಅರೇಲಿಸ್ಟ್‌ನಲ್ಲಿ ಉಳಿದುಕೊಳ್ತಿದ್ದ 31, ಕೊನೆಗೂ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಂಕಗಳ ಅರೇಲಿಸ್ಟ್‌ನಿಂದ (ಸಾಲಾಗಿ ಇಟ್ಟ ಪಟ್ಟಿ) 35ಕ್ಕಿಂತ ಕಡಿಮೆ ಇರೋದನ್ನೆಲ್ಲ ತೆಗೆಯೋಕೆ ಹೋದರೆ ಒಂದೆರಡು ಹಾಗೇ ಉಳಿಯುತ್ತವೆ ಅಂತ. ಸರಿಹೋಯ್ತು.

ನನ್ನ ಲಿಸ್ಟ್ 72, 28, 31, 90. ಇಂಡೆಕ್ಸ್ (ಅಂದ್ರೆ 0ಯಿಂದ ಎಣಿಸೋ ಸ್ಥಾನ) 1ರಲ್ಲಿದ್ದ 28 ತೆಗೆದ ಕೂಡಲೇ 31 ಒಂದು ಮನೆ ಹಿಂದೆ ಸರಿದು ಅದೇ 1ಕ್ಕೆ ಬಂದು ಕೂರುತ್ತೆ, ಅಷ್ಟರಲ್ಲಿ ಲೂಪಿನ ಐ (ಈಗ ಯಾವ ಇಂಡೆಕ್ಸ್ ನೋಡ್ಬೇಕು ಅನ್ನೋ ಎಣಿಕೆ) 2 ಆಗಿರುತ್ತೆ, ಹಾಗಾಗಿ 31ನ್ನು ಯಾರೂ ನೋಡೋದೇ ಇಲ್ಲ. ಕಾಗದದ ಮೇಲೆ ಬರೆದು ನೋಡಿದಾಗಲೇ ನನಗೆ ಹೊಳೆದಿದ್ದು.

ಫಾರ್-ಈಚ್ ಲೂಪ್ (ಇಂಡೆಕ್ಸ್ ಇಲ್ಲದೆ ಒಂದೊಂದಾಗಿ ನೋಡೋದು) ಬಳಸಿ ಅಂದವರ ಮಾತು ಕೇಳಿದೆ, ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ (ನೋಡ್ತಿರುವಾಗಲೇ ಲಿಸ್ಟ್ ಬದಲಾಯ್ತು ಅನ್ನೋ ಎರರ್) ಬಂದು ಪ್ರೋಗ್ರಾಂ ಅಲ್ಲೇ ನಿಂತಿತು. ಕೊನೆಯಿಂದ ಹಿಂದಕ್ಕೆ ಎಣಿಸಿ ಅಂದ ಸಲಹೆ ಮಾತ್ರ ಮೊದಲ ಸಲಕ್ಕೇ ಕೆಲಸ ಮಾಡಿತು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಷರತ್ತು ಕೊಟ್ಟರೆ ಅದಕ್ಕೆ ಹೊಂದೋದನ್ನೆಲ್ಲ ತೆಗೆಯೋ, ಜಾವಾ 8ರಿಂದ ಇರೋ ರಿಮೂವ್‌ಇಫ್ ಕೂಡ ಪ್ರಯತ್ನಿಸಿದೆ, ಒಂದೇ ಸಾಲಲ್ಲಿ ಮುಗಿಯುತ್ತೆ, ಆದರೆ ಆ ಷರತ್ತು ಬರೆಯೋ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ನನಗಿನ್ನೂ ಅರ್ಥ ಆಗಿಲ್ಲ, ಸುಮ್ನೆ ಯಾಕೆ ಅಂತ ಬಿಟ್ಟೆ.

ಇನ್ನೊಂದು ತಮಾಷೆ ನೋಡಿ. ಮಧ್ಯದಲ್ಲಿ ಸಿಟ್ಟು ಬಂದು ನೇರವಾಗಿ ಲಿಸ್ಟಿಂದ ತೆಗೆಯೋ ರಿಮೂವ್‌ಗೆ 31 ಅಂತ ಕೊಟ್ಟಿದ್ದೆ. ಅದು 31 ಅನ್ನೋ ಅಂಕ ಹುಡುಕಲೇ ಇಲ್ಲ, 31ನೇ ಇಂಡೆಕ್ಸ್‌ಗೆ ಹೋಯ್ತು! ಇರೋದೇ ನಾಲ್ಕು, ಇನ್ನೇನು, ಮತ್ತೊಂದು ಎರರ್. ಅಂಕವನ್ನೇ ತೆಗೆಯಬೇಕಿದ್ದರೆ ಇಂಟಿಜರ್ ಡಾಟ್ ವ್ಯಾಲ್ಯೂಆಫ್ ಒಳಗೆ 31 ಹಾಕಿ ಕೊಡಬೇಕಂತೆ. ಹಾಗೆ ಕೊಟ್ಟೆ, ಹೋಯ್ತು. ಆದರೆ ಅದು ಮೊದಲು ಸಿಕ್ಕ ಒಂದೇ 31ನ್ನು ತೆಗೆಯೋದು, ಎರಡು ಇದ್ದರೆ ಇನ್ನೊಂದು ಅಲ್ಲೇ ಇರುತ್ತೆ.